ಮೂವತ್ತು ಆಂಪಿಯರ್

ಭಾನುವಾರ ಬೆಳಿಗ್ಗೆ ಪಾರ್ವತಿಬಾಯಿ ಹಿಟ್ಟು ನಾದಲು ಪರಾತ ಹುಡುಕಿದಾಗ ಅದು ಪಡಸಾಲೆಯಲ್ಲಿ ಗಂಡನ ಎರಡು ಮೊಣಕಾಲುಗಳ ನಡುವೆ ಬೋರಲಾಗಿ ಸಿಕ್ಕಿಕೊಂಡಿತ್ತು. ವೈಜನಾಥ ಅದರ ಬೆನ್ನ ಮೇಲೆ ಪೆನ್ಸಿಲಿನಿಂದ ನಲವತ್ತು ಚುಕ್ಕೆ ಇಟ್ಟಿದ್ದ. ನಲವತ್ತೊಂದನೆಯದನ್ನು ಇಡಬೇಕೋ ಬೇಡವೋ ಎಂದು ಪಕ್ಕದಲ್ಲಿ ತೆರೆದಿಟ್ಟ ಪುಸ್ತಕದ ಚಿತ್ರವನ್ನೇ ನೋಡುತ್ತಿದ್ದ.

"ಏನ್ ಮಾಡಾಕತ್ತೀರಿ ಅದಕ್ಕ?"

"ತೂತು ಹಾಕ್ಬೇಕಾಗ್ಯಾದ."

"ನಾ ಹಿಟ್ಟು ಎದರಾಗ ನಾದಲಿ?"

"ಟ್ರಾನ್ಸಿಸ್ಟರ್ ಕಾಯ್ತಾವ. ಆ ಕಾವು ಹೊರಗ ಹೋಗಾಕ ಅಗಲಾದ ತಗಡು ಬೇಕು. ಪುಸ್ತಕದಾಗ ಬರದಾರ."

"ಪರಾತಿಗೆ ತೂತು ಹಾಕ್ರಿ ಅಂತ ಬರದಾರೇನು?"

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಒಂದು ಬಲ್ಬು ಬದಲಿಸಿದ್ದನ್ನು ಪಾರ್ವತಿಬಾಯಿ ಕಂಡವಳಲ್ಲ. ಸ್ವಿಚ್ಚು ಒತ್ತುವಾಗಲೂ ಒಂದು ಕಣ್ಣು ಮುಚ್ಚಿಕೊಳ್ಳುವ ಗಂಡಸು. ಹನ್ನೊಂದು ದಿನದಿಂದ ಮಾತ್ರ ಅವನಿಗೆ ಈ ಹುಚ್ಚು ಹಿಡಿದಿತ್ತು. ಅವಳು ಕಟ್ಟಿಗೆಯ ತಟ್ಟೆಯೊಂದನ್ನು ತೊಳೆದು ಅದರಲ್ಲೇ ಹಿಟ್ಟು ಕಲಸಿಕೊಂಡಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಶುರುವಾದ ಮೇಲೆ ವೈಜನಾಥ ಮೊಳೆಯನ್ನು ಮೊದಲ ಚುಕ್ಕೆಯ ಮೇಲಿಟ್ಟು ಕಲ್ಲಿನಿಂದ ಹೊಡೆದ. ರೊಟ್ಟಿಯ ಸದ್ದಿಗೆ ಸರಿಯಾಗಿ ಹೊಡೆದರೆ ತನ್ನ ಸದ್ದು ಯಾರಿಗೂ ಕೇಳಿಸುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ತನ್ನ ಮನೆಯಲ್ಲಿ, ತನ್ನ ಪರಾತಿಗೆ ತೂತು ಹಾಕಲೂ ಮರೆ ಹುಡುಕುವ ಮನುಷ್ಯ. ನಾಲ್ಕನೆಯ ತೂತಿಗೆ ಕಲ್ಲು ಹೆಬ್ಬೆರಳಿಗೆ ಬಿತ್ತು. ಅವನು ಕೂಗಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂತ.

ಹುಮನಾಬಾದಿನಲ್ಲಿ, ಮುಚ್ಚಿಹೋದ ದಾಲ್‌ಮಿಲ್ಲೊಂದರ ಗೋದಾಮಿನಲ್ಲಿ ಎರಡು ವರ್ಷದ ಹಿಂದೆ ತಾತ್ಕಾಲಿಕವಾಗಿ ಒಂದು ಸಣ್ಣ ಕೋರ್ಟು ತೆರೆದಿದ್ದರು. ಗೋಡೆಗಳಿಗೆ ಸುಣ್ಣ ಬಳಿದಿದ್ದರೂ ಬಿರುಕುಗಳಿಂದ ಇನ್ನೂ ತೊಗರಿಯ ಧೂಳು ಉದುರುತ್ತಿತ್ತು. ಅದಕ್ಕಾಗಿ ಗುಬ್ಬಿಗಳು ನ್ಯಾಯಾಧೀಶ ಸಾಹೇಬರ ಮೇಜಿನವರೆಗೂ ಬರುತ್ತಿದ್ದವು. ವೈಜನಾಥ ದಿನಾ ಬಸವಕಲ್ಯಾಣದಿಂದ ಬಸ್ಸು ಹತ್ತಿ, ರಾಜೇಶ್ವರದಲ್ಲಿ ಎಮ್ಮೆಗಳು ರಸ್ತೆ ಬಿಡುವವರೆಗೆ ಕಾಯ್ದು, ಹತ್ತೂವರೆಗೆ ಅಲ್ಲಿ ಮುಟ್ಟುತ್ತಿದ್ದ. ಅವನ ಕೆಲಸ ಕೂಗುವುದು. ಒಳಗಿನಿಂದ ಹೆಸರು ಬಂದ ಕೂಡಲೇ ವರಾಂಡಕ್ಕೆ ಬಂದು, ಇಂಥ ಊರಿನ ಇಂಥವರು ಹಾಜರಿದ್ದಾರೆಯೇ ಎಂದು ಮೂರು ಸಾರಿ ಕರೆಯಬೇಕು. ನಲವತ್ತು ಹೆಜ್ಜೆ ಆಚೆ ಬೇವಿನ ಮರದ ಕೆಳಗೆ ಹಳ್ಳಿಯ ಜನ ಕೂತಿರುತ್ತಾರೆ. ಅದರಾಚೆ ಹೈದರಾಬಾದಿನ ರಸ್ತೆ, ಲಾರಿಗಳು. ವೈಜನಾಥನ ದನಿ ಸಣ್ಣದು. ಸಣ್ಣದೆನ್ನುವುದಕ್ಕಿಂತ ತೆಳುವು, ಮೇಲೇರಿದಷ್ಟೂ ಸೀಳುತ್ತಿತ್ತು. ವರಾಂಡದಲ್ಲಿ ಕಪ್ಪು ಕೋಟು ತೋಳಿಗೆ ಹಾಕಿಕೊಂಡು ನಿಲ್ಲುವ ಎಳೆಯ ವಕೀಲರು ಅವನು ಒಂದು ಹೆಸರು ಕೂಗಿದೊಡನೆ ಅದೇ ಹೆಸರನ್ನು ಆಡಿನ ಮರಿಯ ಹಾಗೆ ಕೂಗಿ, ತಾವಲ್ಲ ಎಂಬಂತೆ ಛಾವಣಿ ನೋಡುತ್ತಿದ್ದರು. ಒಂದು ದಿನ ತುಂಬಿದ ಕೋರ್ಟಿನಲ್ಲಿ ಸಾಹೇಬರೂ, "ಏನ್ರೀ ವೈಜನಾಥ, ನಿಮ್ಮ ದನಿ ಬ್ಯಾಟರಿ ತೀರಿದ ರೇಡಿಯೋ ಆಗ್ಯಾದಲ್ಲ" ಅಂದರು. ಎಲ್ಲರೂ ನಕ್ಕರು. ಗೌರವಕ್ಕಾಗಿ ಅವನೂ ನಕ್ಕ. ಅದಾಗಿ ಹತ್ತು ನಿಮಿಷಕ್ಕೆ ಘಾಟಬೋರಾಳದ ಭಾಗಮ್ಮನ ಹೆಸರು ಬಂತು.

ಭಾಗಮ್ಮ ಗಂಡ ಸತ್ತವಳು. ಎರಡು ಎಕರೆ ಹೊಲ, ಒಂದು ಬಾವಿ. ಮೈದುನ ಬಸವಣಪ್ಪ ಅದು ತನಗೆ ಸೇರಿದ್ದೆಂದು ದಾವೆ ಹಾಕಿದ್ದ. ಆ ದಿನ ಅವಳು ಹೇಳಿಕೆ ಕೊಡಬೇಕಿತ್ತು. ಅವಳ ವಕೀಲರು ಬೇರೆ ಕೆಲಸಕ್ಕೆ ಬೀದರಿಗೆ ಹೋಗಿದ್ದರು. ವೈಜನಾಥ ವರಾಂಡಕ್ಕೆ ಹೋದ, ಬಂದ. ಗೈರುಹಾಜರು ಎಂದು ಬರೆದರು. ಅವಳಿಲ್ಲದೆಯೇ ವಿಚಾರಣೆ ಮುಗಿದು ತೀರ್ಪು ಬಸವಣಪ್ಪನ ಕಡೆಗೆ ಆಯಿತು. ಸಂಜೆ ನಾಲ್ಕಕ್ಕೆ ಭಾಗಮ್ಮ ಬೇವಿನ ಮರದಿಂದ ಎದ್ದು ಬಂದು, "ಸಾಹೇಬ್ರ, ನನ್ನ ಪಾಳಿ ಇನ್ನಾ ಬಂದಿಲ್ಲೇನ್ರಿ?" ಎಂದು ಕೇಳಿದ್ದು ವೈಜನಾಥನನ್ನೇ. ಬೆಳಗಿನಿಂದ ಅವಳು ಅಲ್ಲೇ ಕೂತಿದ್ದಳು. ರೊಟ್ಟಿ ಕಟ್ಟಿಕೊಂಡು ಬಂದ ಅರಿವೆಯನ್ನು ಕೂಡ ಬಿಚ್ಚಿರಲಿಲ್ಲ, ಉಣ್ಣುತ್ತಿರುವಾಗ ಕರೆದುಬಿಟ್ಟರೆ ಎಂದು.

ಕೂಗಿದ್ದು ನಿಜ, ಎಂದು ವೈಜನಾಥ ಬಸ್ಸಿನಲ್ಲಿ ತನಗೆ ಹೇಳಿಕೊಂಡ. ಬಾಯಿ ತೆರೆದದ್ದು ನಿಜ. ಮುಟ್ಟಲಿಲ್ಲ ಅಷ್ಟೆ. ದನಿಗೆ ಶಕ್ತಿ ಸಾಲಲಿಲ್ಲ. ಶಕ್ತಿ ಸಾಲದಿದ್ದರೆ ಶಕ್ತಿ ಕೊಡಬೇಕು. ಮರುದಿನ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ರಟ್ಟು ಹರಿದ ಒಂದು ಹಿಂದಿ ಪುಸ್ತಕ ಸಿಕ್ಕಿತು. ಮೈಕಿನ ಆಂಪ್ಲಿಫೈಯರ್ ಕಟ್ಟುವುದು ಕೊನೆಯ ಅಧ್ಯಾಯದಲ್ಲಿತ್ತು. ಮೊದಲ ಅಧ್ಯಾಯದಲ್ಲಿ, ಹೊಸಬರು ಎಲ್ಲಕ್ಕಿಂತ ಮೊದಲು ಪವರ್ ಸಪ್ಲೈ ಕಟ್ಟಬೇಕು, ಅದು ಬೇಕಾದದ್ದಕ್ಕಿಂತ ಹೆಚ್ಚು ಕೊಡುವಂತಿರಬೇಕು ಎಂದಿತ್ತು. ಈ ವಾಕ್ಯ ಅವನನ್ನು ಹಿಡಿಯಿತು. ಆಂಪ್ಲಿಫೈಯರಿಗೆ ಹನ್ನೆರಡು ವೋಲ್ಟಿನಲ್ಲಿ ಮೂರು ಆಂಪಿಯರ್ ಸಾಕು. ಅವನು ಐದು ಎಂದುಕೊಂಡ, ಎರಡು ದಿನದಲ್ಲಿ ಹತ್ತು ಎಂದುಕೊಂಡ. ತೀರ್ಪಾದ ಒಂಬತ್ತನೆಯ ದಿನ ಭಾಗಮ್ಮ ಮತ್ತೆ ಕೋರ್ಟಿಗೆ ಬಂದು, ಮೂವತ್ತು ದಿನದೊಳಗೆ ಅರ್ಜಿ ಹಾಕಿದರೆ ತೀರ್ಪು ರದ್ದಾಗಬಹುದೆಂದು ವಕೀಲರು ಹೇಳಿದ್ದಾರೆ, ತನಗೆ ಕೇಳಿಸುವಂತೆ ಯಾರೂ ಕೂಗಲಿಲ್ಲ ಎಂದು ನೀವೊಂದು ಮಾತು ಬರೆದುಕೊಡಿ ಎಂದು ಕೈಮುಗಿದಳು. ಅವನು, "ನೋಡೂಣವ್ವ, ನಾ ಅದರದೇ ಕೆಲಸದಾಗ ಇದ್ದೀನಿ" ಅಂದ. ಆ ಸಂಜೆ ಅದು ಮೂವತ್ತು ಆಂಪಿಯರ್ ಆಯಿತು.

ಬಸವಕಲ್ಯಾಣದ ಕಿಲ್ಲೆಯ ಕಡೆಗೆ ಹೋಗುವ ಓಣಿಯಲ್ಲಿ ಪಂಪಿನ ಮೋಟಾರು ಸುತ್ತುವ ಖಮರುದ್ದೀನನ ಅಂಗಡಿ. ಸುಟ್ಟ ವೆಲ್ಡಿಂಗ್ ಮಷೀನಿನ ಕಬ್ಬಿಣದ ಪಟ್ಟಿಗಳ ಮೇಲೆ ಅವನು ವೈಜನಾಥನಿಗಾಗಿ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟಿದ್ದ. ಹೊರಗಿನ ಸುತ್ತುಗಳಿಗೆ ಕಿರುಬೆರಳಿನಷ್ಟು ದಪ್ಪನೆಯ ತಾಮ್ರದ ತಂತಿ. ಅದನ್ನು ಬಗ್ಗಿಸಲು ಕಾಲು ಕೊಟ್ಟು ಎಳೆಯಬೇಕಾಯಿತು. ಸುತ್ತುವಾಗಲೆಲ್ಲ ಖಮರುದ್ದೀನ್ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಸಾಬ್, ಹೆಸರು ಕೂಗಾಕ ಮೂವತ್ತು ಆಂಪಿಯರ್ ಯಾಕ?"

"ಹೆಚ್ಚಿಗಿ ಇರಬೇಕು ಖಮರುದ್ದೀನ್."

"ಇಷ್ಟರಾಗ ಹತ್ತು ಮೈಕ್ ನಡೀತಾವ. ಘಾಟಬೋರಾಳಕ್ಕ ಇಲ್ಲಿಂದೇ ಕೂಗಬಹುದು."

ವೈಜನಾಥನಿಗೆ ಅದು ತಮಾಷೆ ಅನ್ನಿಸಲಿಲ್ಲ. ಹಾಗೆ ಕೂಗಲು ಸಾಧ್ಯವಾದರೆ ಭಾಗಮ್ಮ ಮರದ ಕೆಳಗೆ ಬಂದು ಕೂಡಬೇಕಾಗಿಯೇ ಇರಲಿಲ್ಲ.

"ಮತ್ತ ಒಂದು ಮಾತು," ಖಮರುದ್ದೀನ್ ತಂತಿ ಹಿಡಿದುಕೊಂಡೇ ಅಂದ. "ಕೋರ್ಟಿನ್ಯಾಗ ಕರೆಂಟ್ ಹೋದ್ರ?"

"ಹೋದ್ರ ಇದೂ ಹೋಗ್ತದ."

"ಹಂಗಾದ್ರ ಬ್ಯಾಟರಿ ತರಬೇಕಿತ್ತಲ್ಲ?"

ವೈಜನಾಥ ಈ ಬಗ್ಗೆ ಯೋಚಿಸಿರಲಿಲ್ಲ. ಯೋಚಿಸಿದ ಮೇಲೂ ನಿಲ್ಲಿಸಬೇಕೆನ್ನಿಸಲಿಲ್ಲ. ಟ್ರಾನ್ಸ್‌ಫಾರ್ಮರನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದಾಗ ಅದರ ಭಾರಕ್ಕೆ ಕುತ್ತಿಗೆ ಒಂದು ಕಡೆ ವಾಲಿತ್ತು; ಎದುರಾದವರು ಯಾರದೋ ಹೆಣವನ್ನು ಕಂಡಂತೆ ದಾರಿ ಬಿಟ್ಟರು. ಆ ನೋವಿನಲ್ಲಿ ಅವನಿಗೆ ತಿಂಗಳಲ್ಲಿ ಮೊದಲ ಸಾರಿ ಹಗುರೆನ್ನಿಸಿತು.

ಹೈದರಾಬಾದಿಗೆ ಹೋಗಿ ಉಳಿದ ಸಾಮಾನು ತಂದ. ಟೋಪಿಯ ಆಕಾರದ ಹತ್ತು ಟ್ರಾನ್ಸಿಸ್ಟರ್, ಬೆರಳಿನ ಗೆಣ್ಣಿನಷ್ಟು ದಪ್ಪನೆಯ ನಾಲ್ಕು ಡಯೋಡು, ಚಹಾಪುಡಿಯ ಡಬ್ಬಿಯಷ್ಟು ದೊಡ್ಡ ಕೆಪ್ಯಾಸಿಟರ್ ಎರಡು. ಬೆಸುಗೆ ಹಾಕಲು ಬರದು. ಸೀಸ ದಪ್ಪ ತಂತಿಗೆ ಹತ್ತದೆ ಮಣಿಯಾಗಿ ಉರುಳಿ ಅವನ ಧೋತರ ಸುಡುತ್ತಿತ್ತು. ತಂತಿಯೂ ಅಷ್ಟೇ ಕಾದಿರಬೇಕು, ಬರೇ ಸೀಸ ಕರಗಿದರೆ ಸಾಲದು ಎಂದು ಖಮರುದ್ದೀನ್ ತೋರಿಸಿಕೊಟ್ಟ ಮೇಲೆ ಹತ್ತತೊಡಗಿತು. ಡಯೋಡು ಡಯೋಡಿಗೂ ತಗಡು ಬೇಕಿತ್ತು. ನಾಲ್ಕನ್ನೂ ಪರಾತಿಗೇ ಬಿಗಿದ. ಹದಿನೆಂಟನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಹೂ ಏರಿಸಿ, ಒಂದು ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದ.

ಟ್ರಾನ್ಸ್‌ಫಾರ್ಮರ್ ಎಮ್ಮೆಯ ಹಾಗೆ ಒಂದು ಸಾರಿ ನರಳಿತು. ಮನೆಯ ಫ್ಯೂಸಿನ ಜಾಗದಲ್ಲಿ ಅವನು ಪುಸ್ತಕದ ಮಾತನ್ನು ನಂಬಿ ದಪ್ಪನೆಯ ತಂತಿ ಹಾಕಿದ್ದರಿಂದ ಅದು ಹೋಗಲಿಲ್ಲ, ಕಂಬದ ಮೇಲಿನದು ಹೋಯಿತು. ಇಡೀ ಓಣಿ ಸುಮ್ಮನಾಯಿತು. ಮೂರು ಮನೆ ಆಚೆ ಹಜಿರಾ ಬೀಯ ಹಿಟ್ಟಿನ ಗಿರಣಿ ದೀರ್ಘವಾಗಿ ಉಸಿರು ಬಿಡುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಡಬ್ಬಿಗಳನ್ನು ಕಂಕುಳಲ್ಲಿಟ್ಟುಕೊಂಡ ಐದಾರು ಹೆಂಗಸರು, ಮುಂದೆ ಹಜಿರಾ ಬೀ, ಅವನ ಬಾಗಿಲಲ್ಲಿ ನಿಂತಿದ್ದರು.

"ವೈಜನಾಥ ಭಾಯಿ, ಅರ್ಧಾ ಜೋಳ ಕಲ್ಲಿನ್ಯಾಗ ಸಿಕ್ಕಾದ. ಏನ್ ಮಾಡೀರಿ ನೀವು?"

ಅವನು ಏನು ಮಾಡಿದ್ದನೆಂದು ಅವನಿಗೂ ಗೊತ್ತಿರಲಿಲ್ಲ. ಪರಾತವನ್ನು ಹಿಡಿದುಕೊಂಡು ಎದ್ದು ನಿಂತ. ಒಬ್ಬ ಹೆಂಗಸು ಪರಾತ ನೋಡಿದಳು, ಅದರ ತೂತುಗಳನ್ನು ನೋಡಿದಳು, ಆಮೇಲೆ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಪಾರ್ವತಿಬಾಯಿಯನ್ನು ಕನಿಕರದಿಂದ ನೋಡಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಖಮರುದ್ದೀನ್ ಬಂದು ಪರಾತವನ್ನು ತಿರುಗಿಸಿ ಡಯೋಡುಗಳನ್ನು ನೋಡಿ ತಲೆ ಚಚ್ಚಿಕೊಂಡ. "ಅರೆ ಸಾಬ್, ನಾಕೂ ಮಂದಿನ್ನ ಒಂದೇ ತಾಟಿನ್ಯಾಗ ಉಣ್ಣಾಕ ಕುಂದರಿಸೀರಿ. ಇವೆರಡು ಒಂದ್ರಾಗ ಕುಂಡರ್ತಾವ. ಇನ್ನೆರಡಕ್ಕ ಬ್ಯಾರೆ ಬ್ಯಾರೆ ತಾಟು ಬೇಕು, ಒಂದಕ್ಕೊಂದು ಮುಟ್ಟಬಾರದು." ಪಾರ್ವತಿಬಾಯಿ ಎರಡು ಊಟದ ತಾಟು ತಂದು ಅವರ ಮುಂದೆ ಇಟ್ಟಳು. ಇಪ್ಪತ್ತೊಂದನೆಯ ದಿನ ಒಂದು ಕೆಪ್ಯಾಸಿಟರನ್ನು ತಿರುವುಮುರುವಾಗಿ ಜೋಡಿಸಿದ್ದ. ಅದು ಪಟಾಕಿಯ ಸದ್ದು ಮಾಡಿ ಸಿಡಿದು, ಒಳಗಿನ ಕಾಗದದ ಚೂರುಗಳು ಅವನ ತಲೆ, ಮೀಸೆ, ರೆಪ್ಪೆಗಳ ಮೇಲೆಲ್ಲ ಹತ್ತಿಯಂತೆ ಕೂತವು. ಅವನು ಅಲ್ಲಾಡದೆ ಕೂತಿದ್ದ. ಪಾರ್ವತಿಬಾಯಿ ಓಡಿ ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ನೆಟ್ಟಗಿವೆಯೇ ಎಂದು ನೋಡಿ, ಸೆರಗಿನಿಂದ ಒರೆಸುತ್ತ ಅಂದಳು:

"ಯಾತಕ್ಕ ಇದೆಲ್ಲ? ನಿಮಗ ದನಿ ಇಲ್ಲಂತ ಯಾರಂದ್ರು? ಸಾರಿಗೆ ಉಪ್ಪು ಕಡಿಮಿ ಆದ ದಿನ ನಿಮ್ಮ ದನಿ ಹಜಿರಾ ಬೀ ಗಿರಣಿ ತನಕ ಕೇಳ್ತದ."

ಅವನು ಅವಳ ಕೈ ಸರಿಸಿದ. ಅದು ಬೇರೆ, ಅಂದ. ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ, ಆದರೆ ಆ ಪ್ರಶ್ನೆ ಎರಡು ದಿನ ಮನೆಯೊಳಗೆ ಓಡಾಡಿಕೊಂಡಿತ್ತು. ಅವನು ಬೆನ್ನು ತಿರುಗಿಸಿ ಕೂತು ಇನ್ನೊಂದು ತಂತಿ ಬೆಸೆಯುತ್ತಿದ್ದ.

ಇಪ್ಪತ್ತೈದನೆಯ ದಿನ ಯಂತ್ರ ಕೆಲಸ ಮಾಡಿತು. ಮತ್ತೆ ಭಾನುವಾರ. ಹಳೆಯ ಕರೆಂಟ್ ಒಲೆಯ ಸುರುಳಿ ತಂತಿಯನ್ನು ತುಂಡು ಮಾಡಿ ಒಂದು ತಂಬಿಗೆ ನೀರಿನಲ್ಲಿ ಮುಳುಗಿಸಿ, ಅದಕ್ಕೆ ಎರಡು ದಪ್ಪ ತಂತಿಗಳನ್ನು ಸಿಕ್ಕಿಸಿ, ಸ್ವಿಚ್ಚು ಒತ್ತಿದ. ಖಮರುದ್ದೀನನಿಂದ ತಂದ ಮೀಟರಿನ ಮುಳ್ಳು ಎದ್ದು ನಡುಗುತ್ತ ಮೂವತ್ತರ ಹತ್ತಿರ ನಿಂತಿತು. ಏನೂ ಸುಡಲಿಲ್ಲ. ಓಣಿಯಲ್ಲಿ ಗಿರಣಿ ಓಡುತ್ತಲೇ ಇತ್ತು. ಅಳು ಬರುವ ಮೊದಲೇ ವೈಜನಾಥ ಬಾಗಿಲ ಕಡೆ ನೋಡಿದ, ಯಾರಾದರೂ ನೋಡುತ್ತಿದ್ದಾರೆಯೇ ಎಂದು. ಬಾಗಿಲಲ್ಲಿ ಭಾಗಮ್ಮ ನಿಂತಿದ್ದಳು.

ಘಾಟಬೋರಾಳದಿಂದ ಎರಡು ಬಸ್ಸು ಬದಲಿಸಿ, ಮನೆ ಕೇಳಿಕೊಂಡು ಬಂದಿದ್ದಳು. ಪಾರ್ವತಿಬಾಯಿ ಚಾಪೆ ಹಾಕಿದಳು. ಭಾಗಮ್ಮ ಕೂತು ಪರಾತ, ತಾಟು, ತಂತಿ, ತಂಬಿಗೆ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ವೈಜನಾಥ ವಿವರಿಸತೊಡಗಿದ. ಕರೆಂಟು ಇಲ್ಲಿಂದ ಬರುತ್ತದೆ, ಇಲ್ಲಿ ಇಳಿಯುತ್ತದೆ, ಇಲ್ಲಿ ಒಂದೇ ದಿಕ್ಕಿಗೆ ತಿರುಗುತ್ತದೆ. ಅವಳು ಅಡ್ಡ ಬಾಯಿ ಹಾಕದೆ ಕೇಳಿದಳು. ಹದಿನೈದು ನಿಮಿಷಕ್ಕೆ ನೀರು ಕುದಿಯಿತು.

"ನೀರು ಕಾಸೋದೇನ್ರಿ ಇದು?" ಅಂದಳು.

"ಅಲ್ಲವ್ವ. ಇದಕ್ಕ ಮೈಕ್ ಹಚ್ಚೋದು. ಇನ್ನ ಮ್ಯಾಲೆ ಮರದ ಕೆಳಗ ಕುಂತವ್ರಿಗೆಲ್ಲ ಕೇಳ್ತದ."

"ಇನ್ನ ಮ್ಯಾಲೆ ಕೇಳಿದ್ರ ನನಗೇನು ಬಂತ್ರಿ? ನನ್ನ ಪಾಳಿ ಹೋಗ್ಯಾದ. ಐದು ದಿನ ಉಳದಾವ."

ಪಾರ್ವತಿಬಾಯಿ ಸ್ವಿಚ್ಚು ಆರಿಸಿ, ತಂಬಿಗೆಯ ನೀರನ್ನು ಬಸಿದುಕೊಂಡು ಚಹಾಕ್ಕೆ ಒಳಗೆ ಹೋದಳು. ಭಾಗಮ್ಮ ಸ್ವಲ್ಪ ಮುಂದೆ ಸರಿದು ಅವನ ಮುಖ ನೋಡಿದಳು.

"ಒಂದು ಖರೆ ಮಾತು ಹೇಳ್ರಿ ಯಣ್ಣಾ. ಆ ದಿನ ಕೂಗಿದ್ರಿ?"

"ಕೂಗಿದ್ದೆ."

"ಮೂರು ಸಾರಿ?"

"ಮೂರು ಸಾರಿ."

"ನಿಮಗರ ಕೇಳ್ಸಿತ್ತೇನ್ರಿ?"

ಅವನು ತಲೆ ತಗ್ಗಿಸಿ ಮೀಟರಿನ ಮುಳ್ಳು ನೋಡಿದ. ಅದು ಸೊನ್ನೆಗೆ ಇಳಿದಿತ್ತು. ಇಪ್ಪತ್ತೈದು ದಿನದಲ್ಲಿ ಸಾಹೇಬರಾಗಲಿ ವಕೀಲರಾಗಲಿ ಅವನೇ ಆಗಲಿ ಕೇಳದ ಪ್ರಶ್ನೆ. ಚಹಾ ಬಂದ ಮೇಲೆ ಅವನು, ಅರ್ಜಿಯ ಜೊತೆಗೆ ಒಂದು ಹೇಳಿಕೆ ಬರೆದುಕೊಡುವುದಾಗಿ ಒಪ್ಪಿಕೊಂಡ. ಭಾಗಮ್ಮ ಚಹಾ ಕುಡಿದು, ಬಟ್ಟಲು ತೊಳೆದಿಟ್ಟು ಹೋದಳು.

ಬರೆದುಕೊಟ್ಟದ್ದು ಅರ್ಧ ಸತ್ಯ ಮಾತ್ರ. 'ನನ್ನ ದನಿ ಹುಟ್ಟಿನಿಂದ ಸಣ್ಣದಿರುವುದರಿಂದ ಬೇವಿನ ಮರದವರೆಗೆ ತಲುಪದೆ ಇದ್ದಿರಬಹುದು. ಈ ಕೊರತೆಯನ್ನು ನೀಗಲು ನಾನು ಸ್ವಂತ ಶ್ರಮದಿಂದ ಮೂವತ್ತು ಆಂಪಿಯರ್‌ನ ವಿದ್ಯುತ್ ಯಂತ್ರವೊಂದನ್ನು ಸಿದ್ಧಪಡಿಸಿದ್ದೇನೆ.' ಎರಡನೆಯ ವಾಕ್ಯ ಬೇಡ ಎಂದು ಭಾಗಮ್ಮನ ವಕೀಲರು ಹೇಳಿದರು. ಅದಿಲ್ಲದೆ ಸಹಿ ಹಾಕುವುದಿಲ್ಲ ಎಂದು ವೈಜನಾಥ ಹಟ ಹಿಡಿದ. ಇಪ್ಪತ್ತೆಂಟನೆಯ ದಿನ ಅರ್ಜಿ ಸೇರಿತು. ಅಲ್ಲಿಂದ ಹತ್ತೊಂಬತ್ತು ದಿನಕ್ಕೆ ವಿಚಾರಣೆ ಇಟ್ಟರು.

ವಿಚಾರಣೆಯ ದಿನ ಅವನು ಯಂತ್ರವನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ. ಯಾಕೆ ಒಯ್ಯುತ್ತಿದ್ದಾನೆಂದು ಪಾರ್ವತಿಬಾಯಿ ಕೇಳಿದಾಗ ಬರೆದುಕೊಟ್ಟ ಮೇಲೆ ತೋರಿಸಬೇಕಾಗುತ್ತದೆ ಅಂದ. ಕಂಡಕ್ಟರ್ ಅದನ್ನು ಕಾಲಿನಿಂದ ಒತ್ತಿ ನೋಡಿ, ಒಳಗೇನಾದರೂ ಜೀವ ಇದೆಯೇ ಎಂದು ಕೇಳಿದ. ಕೋರ್ಟಿನಲ್ಲಿ ಅವನು ಸಾಕ್ಷಿಯ ಕಟಕಟೆಯಲ್ಲಿ ನಿಂತ. ಅವನ ಕಾಲಬಳಿ ಪರಾತದ ಅಂಚು ಗೋಣಿಯಿಂದ ಇಣುಕುತ್ತಿತ್ತು. ಬಸವಣಪ್ಪನ ವಕೀಲ ಜ್ಞಾನೇಶ್ವರರಾವ್ ಅದನ್ನು ಬೆರಳಿನಿಂದ ತೋರಿಸಿ ಮೇಜಿನ ಮೇಲೆ ಇಡಿಸಿದರು. ಗುಬ್ಬಿಯೊಂದು ಬಂದು ಪರಾತದ ತೂತುಗಳನ್ನು ಕುಕ್ಕಿ ಹೋಯಿತು.

ಸಾಹೇಬರು ಕನ್ನಡಕ ಏರಿಸಿದರು. "ಏನಿದು?"

"ಪವರ್ ಸಪ್ಲೈ ರಿ."

"ಇದು ಕೂಗತದೇನು?"

"ಇಲ್ರಿ. ಕೂಗೋದಕ್ಕ ಕರೆಂಟ್ ಕೊಡತದ."

"ಕೂಗೋದು ಎಲ್ಲದ?"

"ಇನ್ನಾ ಮಾಡಿಲ್ರಿ."

ಸಾಹೇಬರು ಹೇಳಿಕೆ ಬರೆಯುವವನ ಕಡೆ ನೋಡಿದರು, ಬರೆಯುವವನು ಛಾವಣಿ ನೋಡಿದ. ಹೇಳಿಕೆಯಲ್ಲಿ ಹೆಸರಿಸಿದ ವಸ್ತುವಾದ್ದರಿಂದ ಇದನ್ನು ದಾಖಲೆಗೆ ಸೇರಿಸಬೇಕು ಎಂದು ಜ್ಞಾನೇಶ್ವರರಾವ್ ಒತ್ತಾಯಿಸಿದರು. ಹಾಗಾಗಿ ಪರಾತ, ಎರಡು ತಾಟು, ಹತ್ತು ಟ್ರಾನ್ಸಿಸ್ಟರ್‌ಗಳಿಗೆ ಸೇರಿ ಒಂದು ಚೀಟಿ ಕಟ್ಟಿ, ಅರಗು ಒತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತನ್ನ ಯಂತ್ರ ಕಪಾಟಿನ ಕತ್ತಲೆಗೆ ಹೋಗುವುದನ್ನು ನೋಡುತ್ತ ನಿಂತ ವೈಜನಾಥನಿಗೆ ಮೈಮೇಲಿನ ಬಟ್ಟೆ ಬಿಚ್ಚಿಕೊಂಡಂತಾಯಿತು. ಇನ್ನು ಮುಂದೆ ಮಾತಾಡಲು ಅವನೊಬ್ಬನೇ ಉಳಿದಿದ್ದ.

"ನಿಮ್ಮ ದನಿ ಮರದ ತನಕ ಹೋಗೂದಿಲ್ಲಂತೀರಿ," ಜ್ಞಾನೇಶ್ವರರಾವ್ ಅಂದರು. "ಬರೋಬರ್. ಹೊರಗ ಹೋಗೂಣು. ಆಕಿ ಆ ದಿನ ಎಲ್ಲಿ ಕುಂತಿದ್ಲೋ ಅಲ್ಲೇ ಕುಂಡರ್ಲಿ. ನೀವು ಆ ದಿನ ಹ್ಯಾಂಗ ಕೂಗಿದ್ರೋ ಹಂಗೇ ಕೂಗಿ ತೋರಿಸ್ರಿ. ಸಾಹೇಬ್ರು ನೋಡ್ಲಿ."

ಸಾಹೇಬರು ಒಪ್ಪಿದರು. ಕೋರ್ಟೇ ಎದ್ದು ವರಾಂಡಕ್ಕೆ ಬಂತು. ಭಾಗಮ್ಮ ಹೋಗಿ ಮರದ ಕೆಳಗೆ, ಆ ದಿನದಂತೆಯೇ ರಸ್ತೆಗೆ ಮುಖ ಮಾಡಿ, ಇತ್ತ ಬೆನ್ನು ಕೊಟ್ಟು ಕೂತಳು. ಏಳಬೇಡ ಎಂದು ಅವಳ ವಕೀಲರು ಕಿವಿಯಲ್ಲಿ ಹೇಳಿದ್ದನ್ನು ಎಲ್ಲರೂ ನೋಡಿದ್ದರು. ಟೈಪಿನ ಸದ್ದು ನಿಂತಿತು. ಎಳೆಯ ವಕೀಲರು ಕಂಬಕ್ಕೆ ಒರಗಿಕೊಂಡರು. ವೈಜನಾಥ ತನ್ನ ಯಾವಾಗಿನ ಜಾಗದಲ್ಲಿ ನಿಂತ. ಗಟ್ಟಿಯಾಗಿ ಕೂಗಿದರೆ ಭಾಗಮ್ಮನ ಹೊಲ ಹೋಗುತ್ತದೆ. ಮೆಲ್ಲಗೆ ಕೂಗಿದರೆ ನಾಟಕ ಮಾಡಿದ ಎನ್ನುತ್ತಾರೆ. ಆ ದಿನದ ಹಾಗೆ ಕೂಗಬೇಕು, ಹೆಚ್ಚಲ್ಲ, ಕಡಿಮೆಯಲ್ಲ. ಆದರೆ ಆ ದಿನ ಅವನು ಎಲ್ಲಿ ನಿಂತಿದ್ದ? ಇಲ್ಲಿ ಅಲ್ಲ. ಒಳಗಿನ ನಗೆ ಇನ್ನೂ ಕಿವಿಯಲ್ಲಿತ್ತು, ಹೊರಗೆ ಈ ಮಂದಿ ಬಾಯಿ ಸಿದ್ಧ ಮಾಡಿಕೊಂಡು ನಿಂತಿದ್ದರು. ಅವನು ಅಗೋ, ಆ ಕಂಬದ ಹಿಂದೆ, ಗೋಡೆಯ ಕಡೆ... ಅದನ್ನು ಅವನು ನಲವತ್ತೇಳು ದಿನ ತಂತಿ, ತಗಡು, ಸೀಸದ ಕೆಳಗೆ ಮುಚ್ಚಿಟ್ಟಿದ್ದ. ಮರದ ಕೆಳಗೆ ಭಾಗಮ್ಮನ ಬೆನ್ನು ಕಾಣುತ್ತಿತ್ತು. ಸೆರಗು ಹೊದ್ದ, ಸಣ್ಣ, ಬಗ್ಗಿದ ಬೆನ್ನು. ಇಡೀ ದಿನ ಹೀಗೆಯೇ ಕೂತಿದ್ದಳು. ಅವನು ಲೆಕ್ಕ ಮರೆತ.

"ಘಾಟಬೋರಾಳದ ಭಾಗಮ್ಮಾ!"

ಗೋದಾಮಿನ ಗುಬ್ಬಿಗಳೆಲ್ಲ ಒಮ್ಮೆಗೇ ಹಾರಿದವು. ಬೇವಿನ ಕೆಳಗಿನ ಜನ ಮಾತು ನಿಲ್ಲಿಸಿ ತಿರುಗಿದರು. ರಸ್ತೆಯಾಚೆ ಚಹಾದಂಗಡಿಯವನು ಕೆಟಲಿ ಹಿಡಿದುಕೊಂಡೇ ಹೊರಗೆ ಬಂದ. ಗೇಟಿನ ಹತ್ತಿರ ಒಬ್ಬ ಮುದುಕಿ ಎದ್ದು ನಿಂತು ಇತ್ತ ಬರತೊಡಗಿದಳು. ಭಾಗಮ್ಮ ಮಾತ್ರ ಏಳಲಿಲ್ಲ. ಅವಳ ಹೆಗಲು ಬಿಗಿದಿತ್ತು, ಬೆರಳುಗಳು ನೆಲದ ಮಣ್ಣಿನಲ್ಲಿ ಹೂತಿದ್ದವು.

"ನೋಡಿದ್ರಲ್ಲ ಸಾಹೇಬ್ರ," ಜ್ಞಾನೇಶ್ವರರಾವ್ ಮೆಲ್ಲಗೆ ಅಂದರು. "ಇದಕ್ಕ ಸಣ್ಣ ದನಿ ಅಂತಾರೇನು?"

ಸಾಹೇಬರು ವೈಜನಾಥನನ್ನು ಹೊಸದಾಗಿ ನೋಡುವಂತೆ ನೋಡಿದರು. "ಆ ದಿನಾನೂ ಹಿಂಗೇ ಕೂಗಿದ್ರೇನು?"

"ಇಲ್ರಿ."

"ಮತ್ತ ಹ್ಯಾಂಗ ಕೂಗಿದ್ರಿ?"

"ಕೂಗಿಲ್ರಿ. ಆ ಕಂಬದ ಹಿಂದ ಹೋಗಿ ಗ್ವಾಡಿ ಕಡಿ ಮಾರಿ ಮಾಡಿ ನಿಂತೆ. ಬಾಯಿ ಆಡಿಸಿದೆ. ಆಕಿ ಹೆಸರು ನನಗೇ ಕೇಳಿಸಿಲ್ರಿ."

"ಯಾಕ?"

"ನಗ್ತಾರಂತ."

ಯಾರೂ ನಗಲಿಲ್ಲ. ಕಂಬಕ್ಕೆ ಒರಗಿದ್ದ ಎಳೆಯ ವಕೀಲರಲ್ಲಿ ಒಬ್ಬ ಕೋಟು ಹಾಕಿಕೊಳ್ಳತೊಡಗಿದ. ಅದರ ತೋಳು ಸಿಗದೆ ಒದ್ದಾಡಿದ. ವೈಜನಾಥ ಅಲ್ಲಿಗೇ ನಿಲ್ಲಿಸಬಹುದಿತ್ತು. "ನೀವೂ ನಕ್ಕಿದ್ರಿ ಸಾಹೇಬ್ರ," ಅಂದ. "ಆ ದಿನ. ರೇಡಿಯೋ ಅಂದಿದ್ರಿ."

ಬರೆಯುವವನು ಪೆನ್ನು ಎತ್ತಿ ಹಿಡಿದ. "ಇದನ್ನೂ ಬರೀಲೇನ್ರಿ?"

ಸಾಹೇಬರು ಬೇವಿನ ಮರದ ಕಡೆ ನೋಡಿದರು. "ಬರೀರಿ" ಅಂದರು.

ಊಟದ ವೇಳೆಗೆ ಹಳೆಯ ತೀರ್ಪು ರದ್ದಾಯಿತು. ಭಾಗಮ್ಮನ ಹೇಳಿಕೆ ಕೇಳಲು ಹೊಸ ತಾರೀಖು ಕೊಟ್ಟರು. ವೈಜನಾಥನ ಮೇಲೆ ಕ್ರಮ ತೆಗೆದುಕೊಳ್ಳಲು ಮೇಲಕ್ಕೆ ಬರೆಯುವುದಾಗಿ ಸಾಹೇಬರು ಹೇಳಿದಾಗ ಅವನು ಆಗಲಿ ಎಂದು ತಲೆಯಾಡಿಸಿದ. ಮೆಟ್ಟಿಲಲ್ಲಿ ಭಾಗಮ್ಮ ಕೂತಿದ್ದಳು. ಅವಳು ಕೈಮುಗಿಯುತ್ತಾಳೆ ಎಂದು ಅವನಿಗೆ ಎಲ್ಲೋ ಒಂದು ಆಸೆ ಇತ್ತು. ಅದಕ್ಕಾಗಿ ಮುಖವನ್ನು ಸಿದ್ಧ ಮಾಡಿಕೊಂಡೂ ಇದ್ದ.

"ನಲವತ್ತೇಳು ದಿನ," ಅವಳು ಅಂದಳು. ದನಿ ಏರಲಿಲ್ಲ. "ನನ್ನ ಕಿವೀನೇ ಕೆಟ್ಟಾವ ಅಂತ ತಿಳಕೊಂಡಿದ್ದೆ. ಎಣ್ಣಿ ಹಾಕ್ಕೊಂಡೆ. ಬೀದರಿಗೆ ಹೋಗಿ ದಾಕ್ತರಿಗೆ ತೋರಿಸಿದೆ. ಏನೂ ಆಗಿಲ್ಲ ಅಂದ್ರು, ನಾ ನಂಬಿಲ್ಲ. ಮನ್ಯಾಗ ಮಂದಿ ಮಾತಾಡಿದ್ರ ನನಗ ಖರೇನೇ ಕೇಳ್ತದೋ ಇಲ್ಲೋ ಅಂತ ಎರಡೆರಡು ಸಾರಿ ಕೇಳ್ತಿದ್ದೆ. ಮೊದಲೇ ಹೇಳಬೇಕಿತ್ತು ನೀವು."

"ತಪ್ಪಾತವ್ವ" ಅಂದ.

"ಆತು," ಅಂದಳು. ಕ್ಷಮಿಸಿದಳೋ, ತಪ್ಪಾದದ್ದು ಹೌದು ಎಂದಳೋ ತಿಳಿಯಲಿಲ್ಲ. ರೊಟ್ಟಿಯ ಗಂಟು ಎತ್ತಿಕೊಂಡು ಬಸ್ಸಿಗೆ ಹೋದಳು. ವೈಜನಾಥ ಅವಳು ಗೇಟು ದಾಟುವವರೆಗೂ ನೋಡಿದ. ಗೇಟಿನ ಹತ್ತಿರದಿಂದ ಎದ್ದು ಬಂದಿದ್ದ ಆ ಮುದುಕಿ ಈಗ ವರಾಂಡದ ಅಂಚಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕರದ್ರಲ್ಲ, ಬಂದೀನ್ರಿ," ಅಂದಳು.

"ನಿಮ್ಮನ್ನಲ್ಲವ್ವ. ಬ್ಯಾರೆ ಭಾಗಮ್ಮನ್ನ."

"ನಾನೂ ಭಾಗಮ್ಮನೇರಿ. ಬೇಮಳಖೇಡದಾಕಿ. ಊರ ಹೆಸರು ಕೇಳಿಸಿಲ್ಲ, ನನ್ನ ಹೆಸರು ಕೇಳ್ಸಿತು." ಅವಳು ಉಸಿರು ತೆಗೆದುಕೊಂಡಳು. "ಹೋದ ವರ್ಷದ ಶಿವರಾತ್ರಿಗಿಂತ ಮೊದಲಿಂದ ಬರಾಕತ್ತೀನಿ. ಇವತ್ತೇ ಮೊದಲು ಕರದದ್ದು."

ವೈಜನಾಥ ಒಳಗೆ ಹೋಗಿ ಹಳೆಯ ಕೇಸುಗಳ ಪುಸ್ತಕ ತೆಗೆದು ಹುಡುಕಿದ. ಅವಳ ಅರ್ಜಿ ಹದಿಮೂರು ತಿಂಗಳ ಹಿಂದೆಯೇ ವಜಾ ಆಗಿತ್ತು, ಹಾಜರಿಲ್ಲದ ಕಾರಣಕ್ಕೆ. ಆ ದಿನ ತಾನು ಎಲ್ಲಿ ನಿಂತಿದ್ದೆ, ಯಾರು ನಕ್ಕಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದ. ಏನೂ ನೆನಪಿಗೆ ಬರಲಿಲ್ಲ. ಅದು ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಪುಸ್ತಕವನ್ನು ತೆರೆದ ಹಾಗೆಯೇ ಎದೆಗೆ ಹಿಡಿದುಕೊಂಡು, ಮುದುಕಿಯನ್ನು ಹಿಂದೆ ಕರೆದುಕೊಂಡು, ಸಾಹೇಬರ ಕೋಣೆಯ ಪರದೆ ಸರಿಸಿದ. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಇನ್ನೊಬ್ಬಾಕಿ ಇದ್ದಾಳ್ರಿ," ಅಂದ.

ಸಾಹೇಬರು ಅವನನ್ನು, ಮುದುಕಿಯನ್ನು, ಪುಸ್ತಕವನ್ನು ನೋಡಿದರು. ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದರು.

"ಇನ್ನೂ ಎಷ್ಟು ಮಂದಿ ಇದ್ದಾರ?"

"ಗೊತ್ತಿಲ್ರಿ," ವೈಜನಾಥ ಅಂದ. "ಕೂಗಿ ನೋಡಬೇಕು."